ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನಲ್ಲಿ ನಾನು ಓನರ್ (ಪೂರ್ಣ ಅಧಿಕಾರವುಳ್ಳವನು). ಆದರೂ ಕಸ್ಟಮ್ ರೋಲ್ (ನಾವೇ ಆಯ್ದು ಜೋಡಿಸಿದ ಅನುಮತಿಗಳ ಕಟ್ಟು) ರಚಿಸಲು ಅನುಮತಿ ಇಲ್ಲ ಎನ್ನುತ್ತಿದೆ. ಇನ್ನು ಯಾವ ಅಧಿಕಾರ ಕೇಳಬೇಕು?

ಯಾವ ಅಧಿಕಾರವನ್ನೂ ಕೇಳಬೇಡಿ. ಕೇಳಿ ಪಡೆದು ಪಾಡು ಪಟ್ಟವನು ನಾನು.

ಪರೀಕ್ಷೆಗೆಂದು ಇಟ್ಟಿದ್ದ ಸಬ್‌ಸ್ಕ್ರಿಪ್ಷನ್‌ಗೆ (ಅಜೂರ್ ಸಂಪನ್ಮೂಲಗಳನ್ನು ಒಟ್ಟಿಗಿಡುವ ಖಾತೆಗೆ) ನಾನೂ ಓನರ್ ಆಗಿದ್ದೆ. ವರ್ಚುವಲ್ ಮಷಿನ್‌ಗಳನ್ನು ರೀಸ್ಟಾರ್ಟ್ ಮಾಡುವಷ್ಟಕ್ಕೇ ಸೀಮಿತವಾದ ಒಂದು ರೋಲ್ ಬೇಕಿತ್ತು. ಸಹೋದ್ಯೋಗಿಯೊಬ್ಬರು ಹಿಂದೆ ಬರೆದಿದ್ದ ಜೇಸನ್ ಫೈಲ್ (ರೋಲ್‌ನ ವಿವರವಿರುವ ಪಠ್ಯ ಕಡತ) ತೆಗೆದುಕೊಂಡು, ಹೆಸರು ಬದಲಿಸಿ, ‘ಆಕ್ಷನ್ಸ್’ (ಅನುಮತಿಸುವ ಕೆಲಸಗಳ) ಪಟ್ಟಿ ತಿದ್ದಿ ಕಳುಹಿಸಿದೆ. ‘ಮೈಕ್ರೋಸಾಫ್ಟ್.ಆಥರೈಸೇಶನ್/ರೋಲ್‌ಡೆಫಿನಿಶನ್ಸ್/ರೈಟ್’ಗೆ, ಅಂದರೆ ರೋಲ್ ಬರೆಯಲು, ಅಧಿಕಾರವಿಲ್ಲ ಎಂಬ ಉತ್ತರ ಬಂತು.

ನಾನು ಎಡವಿದ್ದು ಇಲ್ಲಿ. ಆ ಸಂದೇಶ ಉದ್ದವಾಗಿರುತ್ತದೆ. ಮೊದಲು ಬಳಕೆದಾರರ ಗುರುತು, ಆಮೇಲೆ ಆ ಆಕ್ಷನ್ ಹೆಸರು, ಅದಾದ ಮೇಲೆ ಯಾವ ಸ್ಕೋಪ್ (ಅಧಿಕಾರ ಅನ್ವಯಿಸುವ ವ್ಯಾಪ್ತಿ) ಮೇಲೆ ಅಧಿಕಾರವಿಲ್ಲ ಎಂಬುದು. ನಾನು ಆಕ್ಷನ್ ಹೆಸರಿನಲ್ಲೇ ಓದು ನಿಲ್ಲಿಸಿದೆ. ಮುಂದಿದ್ದ 36 ಅಕ್ಷರಗಳ ಐಡಿ ನನ್ನ ಸಬ್‌ಸ್ಕ್ರಿಪ್ಷನ್‌ನದೇ ಇರಬೇಕೆಂದು ಭಾವಿಸಿದೆ, ಹೋಲಿಸಿ ನೋಡಲಿಲ್ಲ. ಅದು ಪ್ರೊಡಕ್ಷನ್ (ನಿಜ ಬಳಕೆಯ) ಸಬ್‌ಸ್ಕ್ರಿಪ್ಷನ್‌ನದಾಗಿತ್ತು. ಸಹೋದ್ಯೋಗಿಯ ಫೈಲಿನ ಕೊನೆಯಲ್ಲಿ, ‘ಅಸೈನಬಲ್ ಸ್ಕೋಪ್ಸ್’ (ರೋಲ್ ಅನ್ನು ಎಲ್ಲೆಲ್ಲಿ ಕೊಡಬಹುದೆಂಬ ಪಟ್ಟಿ) ಅಡಿಯಲ್ಲಿ ಎರಡು ಸಾಲುಗಳಿದ್ದವು, ಒಂದು ಪರೀಕ್ಷೆಯದು, ಇನ್ನೊಂದು ಪ್ರೊಡಕ್ಷನ್‌ನದು. ರೋಲ್ ರಚಿಸುವವರಿಗೆ ಅಲ್ಲಿ ಬರೆದ ಪ್ರತಿಯೊಂದು ಸ್ಕೋಪ್ ಮೇಲೂ ಆ ‘ರೈಟ್’ ಅಧಿಕಾರ ಇರಲೇಬೇಕು. ಒಂದರಲ್ಲಿ ಓನರ್, ಇನ್ನೊಂದರಲ್ಲಿ ಬರೀ ರೀಡರ್ (ನೋಡಲು ಮಾತ್ರ ಅನುಮತಿ) ಆಗಿದ್ದರೆ ಇಡೀ ಕೋರಿಕೆಯೇ ತಿರಸ್ಕೃತವಾಗುತ್ತದೆ.

ಇದನ್ನು ಅರಿಯದೆ, ಮ್ಯಾನೇಜ್‌ಮೆಂಟ್ ಗ್ರೂಪ್ (ಹಲವು ಸಬ್‌ಸ್ಕ್ರಿಪ್ಷನ್‌ಗಳ ಗುಂಪು) ಮಟ್ಟದಲ್ಲೇ ಯೂಸರ್ ಆಕ್ಸೆಸ್ ಅಡ್ಮಿನಿಸ್ಟ್ರೇಟರ್ (ಇತರರ ಅಧಿಕಾರಗಳನ್ನು ನಿರ್ವಹಿಸುವವನು) ಆಗಬೇಕೆಂದು ಹಟ ಹಿಡಿದು ಪಡೆದುಕೊಂಡೆ. ರೋಲ್ ರಚನೆಯಾಯಿತು, ನಾನು ಮರೆತೆ. ತಿಂಗಳುಗಳ ನಂತರ ಆಡಿಟ್‌ನಲ್ಲಿ ಆ ಹೆಚ್ಚುವರಿ ಅಧಿಕಾರವನ್ನು ಹಿಂತೆಗೆದುಕೊಂಡರು. ಅವರು ಮಾಡಿದ್ದು ಸರಿ. ಆದರೆ ಒಂದು ರಾತ್ರಿ ಅದೇ ರೋಲ್‌ಗೆ ಇನ್ನೊಂದು ಆಕ್ಷನ್ ಸೇರಿಸಬೇಕಾಗಿ ಬಂದಾಗ ಮತ್ತೆ ಅದೇ ದೋಷ! ರೋಲ್ ತಿದ್ದುವುದಕ್ಕೂ ಎಲ್ಲ ಸ್ಕೋಪ್‌ಗಳ ಮೇಲೆ ಅಧಿಕಾರ ಬೇಕು. ತೊಡಕಾಗಿದ್ದ ಪ್ರೊಡಕ್ಷನ್ ಸಾಲನ್ನು ಅಳಿಸಲು ಹೋದರೆ ಅದೂ ತಿದ್ದುಪಡಿಯೇ ಆದ್ದರಿಂದ ಅದಕ್ಕೂ ತಡೆ. ರಾತ್ರಿ ಪಾಳಿಯ ತಂಡ ಕಾಯುತ್ತಿತ್ತು, ನಾನು ಬರೆದ ರೋಲ್ ಅನ್ನು ನಾನೇ ಮುಟ್ಟುವಂತಿರಲಿಲ್ಲ. ಆ ಹೊತ್ತಿನಲ್ಲಿ ಸಂದೇಶವನ್ನು ಕೊನೆಯವರೆಗೆ ಓದಿದೆ. ಒಂದೇ ಸ್ಕೋಪ್ ಇಟ್ಟು, ಬೇರೆ ಹೆಸರಿನಲ್ಲಿ (ಒಂದು ಟೆನೆಂಟ್‌ನಲ್ಲಿ, ಅಂದರೆ ಒಂದು ಸಂಸ್ಥೆಯ ಅಜೂರ್ ಡೈರೆಕ್ಟರಿಯಲ್ಲಿ, ಒಂದೇ ಹೆಸರಿನ ಎರಡು ಕಸ್ಟಮ್ ರೋಲ್ ಇರುವಂತಿಲ್ಲ) ಹೊಸ ರೋಲ್ ಕಳುಹಿಸಿದೆ. ಮೊದಲ ಯತ್ನದಲ್ಲೇ ರಚನೆಯಾಯಿತು, ಅದೂ ನನ್ನ ಹಳೆಯ ಓನರ್ ಅಧಿಕಾರದಿಂದಲೇ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ದಿಕ್ಕಿನದು ಎನ್ನುತ್ತೇನೆ. ನಿಮಗೆ ಬೇಕಿರುವುದು ಹೆಚ್ಚಿನ ಅಧಿಕಾರವಲ್ಲ, ಚಿಕ್ಕ ಸ್ಕೋಪ್. ಸಂದೇಶದಲ್ಲಿರುವ ಐಡಿಯನ್ನು ನಿಮ್ಮ ಸಬ್‌ಸ್ಕ್ರಿಪ್ಷನ್ ಐಡಿಯ ಪಕ್ಕದಲ್ಲಿಟ್ಟು ನೋಡಿ. ಬೇರೆಯದಾಗಿದ್ದರೆ ಆ ಸಾಲನ್ನು ಫೈಲಿನಿಂದ ತೆಗೆಯಿರಿ. ಅಲ್ಲಿಯೂ ಆ ರೋಲ್ ನಿಜವಾಗಿ ಬೇಕೆಂದರೆ, ಎರಡೂ ಕಡೆ ಅಧಿಕಾರವಿರುವವರೇ ರಚಿಸಲಿ, ಮುಂದೆ ತಿದ್ದುವ ಹೊಣೆಯೂ ಅವರದಾಗಲಿ.

ಐಡಿ ನಿಮ್ಮದೇ ಆಗಿದ್ದರೆ, ನೀವು ಆ ಸಬ್‌ಸ್ಕ್ರಿಪ್ಷನ್‌ಗೆ ನಿಜಕ್ಕೂ ಓನರ್ ಹೌದೇ ಎಂದು ನೋಡಿ. ಕಾಂಟ್ರಿಬ್ಯೂಟರ್ (ಸಂಪನ್ಮೂಲಗಳನ್ನು ನಿರ್ವಹಿಸಬಹುದು, ಅಧಿಕಾರ ಹಂಚುವಂತಿಲ್ಲ) ಆಗಿದ್ದರೆ ಸಾಲದು, ಆ ‘ರೈಟ್’ ಅದರಲ್ಲಿಲ್ಲ. ಓನರ್ ಅಧಿಕಾರ ಈಗಷ್ಟೇ ಸಿಕ್ಕಿದ್ದರೆ ಅದು ಜಾರಿಗೆ ಬರಲು 10 ನಿಮಿಷದವರೆಗೂ ಹಿಡಿಯಬಹುದು. ಲಾಗ್ ಔಟ್ ಮಾಡಿ ಮತ್ತೆ ಲಾಗಿನ್ ಆಗಿ ಪ್ರಯತ್ನಿಸಿ.