14 ಸಾವಿರ ಹೆಚ್ಚು ದುಡಿದ ತಪ್ಪಿಗೆ

(ತಿಪಟೂರು ಕಡೆಯ ಓದುಗರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ಅಟೆಂಡರ್ ಕೆಲಸ, ತಿಂಗಳಿಗೆ 22,000 ಸಂಬಳ, ಹಿಂದುಳಿದ ವರ್ಗಕ್ಕೆ ಸೇರಿದ ಕುಟುಂಬ. ಮಗ ಐಟಿಐ ಓದುತ್ತಿದ್ದಾನೆ, ಮಗಳು ಈ ವರ್ಷ ಬಿ.ಕಾಂ. ಸೇರಿದ್ದಾಳೆ. ಆದಾಯ ಮಿತಿ ಮೀರಿದೆ ಎಂದು ಇಬ್ಬರಿಗೂ ಸ್ಕಾಲರ್‌ಶಿಪ್ ಇಲ್ಲ. "ಪಕ್ಕದ ಮನೆಯವರಿಗೆ ತೆಂಗಿನ ತೋಟವಿದೆ. ಅವರ ಇನ್‌ಕಮ್ ಸರ್ಟಿಫಿಕೇಟಿನಲ್ಲಿ ವರ್ಷಕ್ಕೆ 40,000 ಎಂದಿದೆ. ಅವರ ಮಗನಿಗೆ ಹಣ ಬಂತು. ಕೆಲವು ಜಾತಿಯವರಿಗೆ ಆದಾಯವನ್ನೇ ಕೇಳುವುದಿಲ್ಲವಂತೆ. ಜಾತಿ ಬಿಟ್ಟು ಬಡತನ ಮಾತ್ರ ನೋಡಿದರೆ ಆಗದೆ? ಇದು ನ್ಯಾಯವೇ?" ಎಂಬುದು ಅವರ ಪ್ರಶ್ನೆ.)

ನಮಸ್ಕಾರ.

ಮೊದಲು ನಿಮ್ಮ ಲೆಕ್ಕವನ್ನೇ ನೋಡೋಣ. ತಿಂಗಳಿಗೆ 22,000 ಎಂದರೆ ವರ್ಷಕ್ಕೆ 2,64,000. ಹಿಂದುಳಿದ ವರ್ಗಗಳಿಗೆ ಕೇಂದ್ರ ಕೊಡುವ ಪಿಎಂ-ಯಶಸ್ವಿ ಸ್ಕಾಲರ್‌ಶಿಪ್‌ಗೆ ಹೆತ್ತವರ ಆದಾಯ ಮಿತಿ 2.5 ಲಕ್ಷ. ನೀವು ಮಿತಿಗಿಂತ 14,000 ರೂಪಾಯಿ ಹೆಚ್ಚು ದುಡಿದಿದ್ದೀರಿ, ಅಷ್ಟೇ. ಹಾಗಂತ ಮಕ್ಕಳಿಗೆ ಬರಬೇಕಾದ ಹಣದಲ್ಲಿ ಸ್ವಲ್ಪ ಕಡಿಮೆಯಾಗಲಿಲ್ಲ, ಪೂರ್ತಿ ಹೋಯಿತು. ಗಂಡ ಹೆಂಡತಿ ಇಬ್ಬರೂ ದಿನಕ್ಕೆ 450 ರೂಪಾಯಿ ಕೂಲಿಗೆ ವರ್ಷದಲ್ಲಿ 300 ದಿನ ದುಡಿದರೂ 2,70,000 ಆಗುತ್ತದೆ. ಅವರೂ ಈ ಲೆಕ್ಕದಲ್ಲಿ ಬಡವರಲ್ಲ! ಕೂಲಿಯವರ ದುಡಿಮೆ ಯಾವ ಚೀಟಿಯಲ್ಲೂ ಕಾಣುವುದಿಲ್ಲವಾದ್ದರಿಂದ ಬಚಾವಾಗುತ್ತಾರೆ. ನಿಮಗೆ ಪೇ ಸ್ಲಿಪ್ ಇದೆ, ಸಿಕ್ಕಿಬಿದ್ದಿರಿ.

ಇದೇ ಸರ್ಕಾರದ ಇನ್ನೊಂದು ಗೆರೆ ನೋಡಿ. ಹಿಂದುಳಿದ ವರ್ಗಗಳ ಕೆನೆಪದರಕ್ಕೆ, ಅಂದರೆ ಮೀಸಲಾತಿ ಸಿಗದ ಸ್ಥಿತಿವಂತರನ್ನು ಗುರುತಿಸಲು, 2017ರಲ್ಲಿ ಹಾಕಿದ ಮಿತಿ 8 ಲಕ್ಷ. ಮೇಲ್ಜಾತಿ ಬಡವರಿಗೆ 2019ರಲ್ಲಿ ಬಂದ ಶೇ. 10 ಮೀಸಲಾತಿಗೂ 8 ಲಕ್ಷವೇ. ಅಂದರೆ 7 ಲಕ್ಷ ಆದಾಯದ ಮನೆಯ ಹುಡುಗ ಸೀಟು ಕೇಳುವಾಗ ಕೆನೆಪದರದ ಹೊರಗೆ, ಅದೇ ಸೀಟಿನ ಫೀಸಿಗೆ ನೆರವು ಕೇಳಲು ಹೋದರೆ ಸಾಹುಕಾರ. ಎರಡು ಗೆರೆ ಎಳೆದವರೂ ಒಂದೇ ಊರಿನಲ್ಲಿ, ದೆಹಲಿಯಲ್ಲಿ ಕೂತಿದ್ದಾರೆ. ಮೀಸಲಾತಿಯಲ್ಲಿ ಸರ್ಕಾರದ ಕೈಯಿಂದ ದುಡ್ಡು ಹೋಗುವುದಿಲ್ಲ, ಸ್ಕಾಲರ್‌ಶಿಪ್‌ನಲ್ಲಿ ಹೋಗುತ್ತದೆ. ಕಾರಣ ಇಷ್ಟೇ ಇರಬೇಕು ಅಂತ ನನ್ನ ಅನುಮಾನ.

ಗೆರೆ ಎಳೆಯದೆ ಸರ್ಕಾರ ನಡೆಯುವುದಿಲ್ಲ, ಒಪ್ಪೋಣ. ಆದರೆ ಗೆರೆ ದಾಟಿದ ಕೂಡಲೇ ಪ್ರಪಾತಕ್ಕೆ ತಳ್ಳಬೇಕಾಗಿಲ್ಲ, ಇಳಿಜಾರು ಮಾಡಬಹುದು. ಇಂಗ್ಲೆಂಡಿನಲ್ಲಿ 2004ರಿಂದ ಕೆಲವು ವರ್ಷ 16 ದಾಟಿಯೂ ಓದು ಮುಂದುವರಿಸುವ ಬಡಮಕ್ಕಳಿಗೆ ವಾರವಾರ ಭತ್ಯೆ ಕೊಡುತ್ತಿದ್ದರು. ಮನೆಯ ಆದಾಯ ತೀರಾ ಕಡಿಮೆಯಿದ್ದರೆ 30 ಪೌಂಡ್, ಸ್ವಲ್ಪ ಹೆಚ್ಚಿದ್ದರೆ 20, ಇನ್ನೂ ಹೆಚ್ಚಿದ್ದರೆ 10. ಆ ವಾರ ತರಗತಿಗೆ ಹೋಗಿರಬೇಕು ಎಂಬುದು ಷರತ್ತು. ಆಮೇಲೆ ಖರ್ಚು ಜಾಸ್ತಿ ಎಂದು ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು. ಸ್ಕಾಟ್ಲೆಂಡ್ ಮತ್ತು ವೇಲ್ಸ್ ಉಳಿಸಿಕೊಂಡವು, ವೇಲ್ಸ್ 2023ರಲ್ಲಿ 40 ಪೌಂಡಿಗೆ ಏರಿಸಿತು. ಅವರ ದುಡ್ಡು ನಮ್ಮಲ್ಲಿಲ್ಲ, ನಿಜ. ಮೂರು ಮೆಟ್ಟಿಲು ಮಾಡುವುದಕ್ಕೆ ಅಷ್ಟೊಂದು ದುಡ್ಡು ಬೇಕಿಲ್ಲವಲ್ಲ. 2,64,000ದವರಿಗೆ ಪೂರ್ತಿ ಬೇಡ, ಮುಕ್ಕಾಲು ಕೊಡಿ.

ಇನ್ನು ತೋಟದ ಮಾತು. ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಾಗಿ ಅದಕ್ಕೆ ಕಾಗದವೂ ಇಲ್ಲ. ನಾಡಕಚೇರಿಯಲ್ಲಿ ಅರ್ಜಿ ಬಿದ್ದರೆ ವಿಎ (ಈಗಿನ ಗ್ರಾಮ ಆಡಳಿತ ಅಧಿಕಾರಿ) ಒಂದು ಅಂದಾಜು ಬರೆಯುತ್ತಾರೆ. ಅಂದಾಜು ಯಾವತ್ತೂ ಕೆಳಗಡೆಗೇ ವಾಲುತ್ತದೆ. ಯಾಕೆ ಎಂದು ನಾನು ಹೇಳಬೇಕಾಗಿಲ್ಲ, ನೀವೂ ಆ ಕಚೇರಿಯ ಬೆಂಚಿನ ಮೇಲೆ ಕೂತು ಬಂದವರೇ. ಆದರೂ ನಿಮ್ಮ ಪಕ್ಕದ ಮನೆಯವರ ಪರ ಒಂದು ಮಾತು ಹೇಳಲೇಬೇಕು. 2023ರಲ್ಲಿ ಕೊಬ್ಬರಿ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ನಿಮ್ಮೂರಿನಲ್ಲೇ ರೈತರು ಬೀದಿಗಿಳಿದಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಕೊಬ್ಬರಿ ದುಪ್ಪಟ್ಟು ದಾಟಿತು. ಇಂಥ ಮನೆಯ ಆದಾಯ ಎಷ್ಟು ಅಂತ ಬರೆಯುವುದು? ಅವರು ಸುಳ್ಳು ಹೇಳಿರಬಹುದು, ಹೇಳದೆಯೂ ಇರಬಹುದು. ನೀವು ಮಾತ್ರ ಸುಳ್ಳು ಹೇಳುವ ಹಾಗೇ ಇಲ್ಲ. ನಿಮಗೆ ಉರಿಯುವುದು ಇದೇ ಅಲ್ವಾ?

ಜಾತಿಯ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ನಾನಿಲ್ಲ. "ಕೆಲವು ಜಾತಿಯವರಿಗೆ ಆದಾಯ ಕೇಳುವುದಿಲ್ಲ" ಎಂಬುದು ಚಹಾ ಅಂಗಡಿಯ ಮಾತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್‌ಗೂ ಮಿತಿ 2.5 ಲಕ್ಷವೇ. ನಿಮ್ಮ ಆಸ್ಪತ್ರೆಯಲ್ಲಿ ನಿಮ್ಮಷ್ಟೇ ಸಂಬಳ ತಗೊಳ್ಳುವ ದಲಿತ ಅಟೆಂಡರ್ ಇದ್ದರೆ ಅವರ ಮಕ್ಕಳಿಗೂ ಆ ಹಣ ಬರುವುದಿಲ್ಲ. ನೀವಿಬ್ಬರೂ ನಿಂತಿರುವುದು ಗೆರೆಯ ಒಂದೇ ಪಕ್ಕದಲ್ಲಿ.

ಬಡತನವೊಂದನ್ನೇ ನೋಡಿದರೆ ಸಾಲದೇ ಎಂದು ಕೇಳಿದ್ದೀರಿ. ನಮ್ಮ ತಾತಂದಿರ ಕಾಲದಲ್ಲಿ ಬಡ ಹುಡುಗರು ವಾರಾನ್ನ ಉಂಡು ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಒಂದೊಂದು ಸಮುದಾಯವೂ ತನ್ನ ಹಾಸ್ಟೆಲ್ ಕಟ್ಟಿತು. ಕರೆದು ಉಣಿಸುವ ಮನೆಯೇ ಇಲ್ಲದ, ಯಾರ ಜಗುಲಿಯನ್ನೂ ಹತ್ತುವಂತಿರದ ಹುಡುಗ ಎಲ್ಲಿಗೆ ಹೋಗಬೇಕಿತ್ತು? ಅಂಬೇಡ್ಕರರಿಗೆ ಬರೋಡಾ ಮಹಾರಾಜರ ಸಹಾಯ ಸಿಕ್ಕಿತು. ಅಂಥ ಅದೃಷ್ಟ ಎಷ್ಟು ಜನಕ್ಕೆ? 1944ರಲ್ಲಿ ಪರಿಶಿಷ್ಟ ಜಾತಿಯವರಿಗೆ ಈ ಸ್ಕಾಲರ್‌ಶಿಪ್ ಶುರುವಾದದ್ದು ಅದಕ್ಕೇ. ಇಬ್ಬರ ಸಂಬಳ ಒಂದೇ ಇದ್ದರೂ ಕಷ್ಟಕ್ಕೆ ಸಾಲ ಕೊಡುವ ಸೋದರಮಾವ, ಕಾಲೇಜಿನ ದಾರಿ ತೋರಿಸುವ ದೊಡ್ಡಪ್ಪ ಇಬ್ಬರಿಗೂ ಒಂದೇ ರೀತಿ ಇರುವುದಿಲ್ಲ. ಇನ್‌ಕಮ್ ಸರ್ಟಿಫಿಕೇಟಿನಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಅಷ್ಟಕ್ಕೂ ಸಿಕ್ಕವರಿಗೆ ಸಿಗುವುದು ಎಷ್ಟು? ಪರಿಶಿಷ್ಟ ಜಾತಿಯ ಹುಡುಗ ಮನೆಯಿಂದ ಓಡಾಡಿಕೊಂಡು ಪಿಯುಸಿಯನ್ನೋ ಐಟಿಐಯನ್ನೋ ಓದಿದರೆ ಫೀಸು ಬಿಟ್ಟು ಕೈಗೆ ಬರುವ ಭತ್ಯೆ, ಕೇಂದ್ರದ 2021ರ ನಿಯಮದ ಪ್ರಕಾರ, ವರ್ಷಕ್ಕೆ 2,500. ತಿಂಗಳಿಗೆ 208 ರೂಪಾಯಿ. ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್, ಮೆಡಿಕಲ್ ಓದುವವನಿಗೆ 13,500. ನಮ್ಮ ರಾಜ್ಯ 2021ರಲ್ಲಿ ರೈತರ ಮಕ್ಕಳಿಗೆಂದು ತಂದ ರೈತ ವಿದ್ಯಾನಿಧಿಯೂ ಶುರುವಾದಾಗ ಹೀಗೇ ಇತ್ತು: ಪಿಯುಸಿ, ಐಟಿಐ ಹುಡುಗರಿಗೆ 2,500, ಹುಡುಗಿಯರಿಗೆ 3,000. ಎಂಬಿಬಿಎಸ್, ಬಿಇಗೆ 10,000 ಮತ್ತು 11,000. ದೊಡ್ಡ ಕೋರ್ಸಿಗೆ ಖರ್ಚು ಜಾಸ್ತಿ ಎನ್ನುವುದು ಇದರ ತರ್ಕ. ಆದರೆ ಮಕ್ಕಳು ಓದು ಬಿಟ್ಟು ಗ್ಯಾರೇಜಿಗೆ, ಗಾರ್ಮೆಂಟ್ಸಿಗೆ ಸೇರುವುದು ಎಂಬಿಬಿಎಸ್ ಮೂರನೇ ವರ್ಷದಲ್ಲಲ್ಲ, ಹತ್ತನೇ ತರಗತಿ ಮುಗಿದ ಆ ಎರಡು ವರ್ಷದಲ್ಲಿ. ಜಾರುವ ಜಾಗದಲ್ಲೇ ನೆರವು ತೆಳ್ಳಗಿದೆ. ನನ್ನ ಕೇಳಿದರೆ ಇಡೀ ವ್ಯವಸ್ಥೆಯ ದೊಡ್ಡ ಅನ್ಯಾಯ ಇದೇ. ನಿಮ್ಮ ಮಗನ ಐಟಿಐ ಅದರ ನಟ್ಟನಡುವೆ ಇದೆ.

ಕಟ್ಟಡ ಕಾರ್ಮಿಕರ ಮಕ್ಕಳ ಕತೆ ಇನ್ನೂ ಬೇಜಾರಿನದು. ಕಟ್ಟಡದ ವೆಚ್ಚದ ಮೇಲೆ ಶೇ. 1 ಸೆಸ್ ಹಾಕಿ ಅವರಿಗೆಂದೇ ಕೂಡಿಟ್ಟ ದುಡ್ಡು ಅದು. 2023ರಲ್ಲಿ ಅದರಿಂದ ಕೊಡುವ ವಿದ್ಯಾರ್ಥಿವೇತನವನ್ನೇ ಕಡಿತ ಮಾಡಿದರು.

ಹಣ ಬರುವ ಹೊತ್ತಿನ ಬಗ್ಗೆ ನೀವು ಬರೆದಿಲ್ಲ, ನಿಮಗೆ ಬಂದೇ ಇಲ್ಲವಲ್ಲ. ಬಂದವರನ್ನು ಕೇಳಿ ನೋಡಿ. ಫೀಸು ಜೂನ್, ಜುಲೈನಲ್ಲಿ ಕಟ್ಟಬೇಕು. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ, ಕಾಲೇಜಿನವರು ಪರಿಶೀಲಿಸಿ, ಇಲಾಖೆ ಮಂಜೂರು ಮಾಡುವ ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿರುತ್ತದೆ. ಪರಿಶಿಷ್ಟ ಜಾತಿಯ ಸ್ಕಾಲರ್‌ಶಿಪ್‌ನಲ್ಲಂತೂ ರಾಜ್ಯ ತನ್ನ ಶೇ. 40 ಪಾಲು ಹಾಕಿದ ಮೇಲೆಯೇ ಕೇಂದ್ರದ ಶೇ. 60 ಬರುತ್ತದೆ. ನಡುವೆ ಸೈಬರ್ ಸೆಂಟರಿನ ಮುಂದೆ ಮಕ್ಕಳ ಸಾಲು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಅರ್ಜಿ ವಾಪಸ್. ಎಲ್ಲ ಸರಿಯಾಗಿ ಹಣ ಬಿಡುಗಡೆಯಾಯಿತು ಅಂದುಕೊಳ್ಳಿ. ಅದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಯಾವತ್ತೋ ಸಿಮ್ ಮಾರುವವನು ತೆರೆಸಿಕೊಟ್ಟ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ಅದು ಬಿದ್ದಿರುತ್ತದೆ, ಹುಡುಗಿ ಪಾಸ್‌ಬುಕ್ ಹಿಡಿದು ಬೇರೆ ಬ್ಯಾಂಕಿನಲ್ಲಿ ವಿಚಾರಿಸುತ್ತಿರುತ್ತಾಳೆ. ಬಡವರು ಅಷ್ಟು ತಿಂಗಳು ಕೈಸಾಲದ ಬಡ್ಡಿ ಕಟ್ಟಬೇಕು. ನೆರವು ಬಂದರೂ ಬಡ್ಡಿಯ ಹಣ ವಾಪಸ್ ಬರುವುದಿಲ್ಲ.

ಇನ್ನೊಂದು ವಿಚಿತ್ರ ಹೇಳಿಬಿಡುತ್ತೇನೆ. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಯುವನಿಧಿಯಿಂದ ತಿಂಗಳಿಗೆ 3,000 ಬರುತ್ತದೆ. ಓದು ಮುಂದುವರಿಸಿದವರಿಗೆ ಅದಿಲ್ಲ. ಯುವನಿಧಿ ಬೇಡ ಎನ್ನುತ್ತಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ವಿದ್ಯಾಸಿರಿ ಶುರು ಮಾಡಿದಾಗ ಕೊಟ್ಟದ್ದು ತಿಂಗಳಿಗೆ 1,500, ಅದೂ ವರ್ಷದಲ್ಲಿ ಹತ್ತೇ ತಿಂಗಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಗಳಿಗೆ ಬಸ್ಸು ಫ್ರೀ, ಮಗನಿಗೆ ಪಾಸು ಎಂದೂ ಗೊಣಗಿದ್ದೀರಿ. ಅದನ್ನು ನಾನು ಅನ್ಯಾಯ ಅನ್ನುವುದಿಲ್ಲ. ಬಸ್ ಚಾರ್ಜಿನ ನೆಪಕ್ಕೆ ಮೊದಲು ಓದು ಬಿಡಿಸುತ್ತಿದ್ದದ್ದು ಯಾರನ್ನ?

ಸರಿ, ಈಗ ನಿಮ್ಮ ಕೈಯಲ್ಲಿ ಆಗುವ ಕೆಲಸ. ಪಿಯುಸಿ ಮುಗಿಸಿ ಡಿಗ್ರಿ ಸೇರಿದವರಿಗೆ ಕೇಂದ್ರದ ಒಂದು ಸ್ಕಾಲರ್‌ಶಿಪ್ ಇದೆ. ಅದಕ್ಕೆ ಆದಾಯ ಮಿತಿ 4.5 ಲಕ್ಷ, ಹಾಗಾಗಿ ನೀವು ಒಳಗೇ ಇದ್ದೀರಿ. ಪಿಯುಸಿಯಲ್ಲಿ ಮಗಳು ತನ್ನ ವಿಭಾಗದ ಮೇಲಿನ ಶೇ. 20ರಲ್ಲಿ ಇರಬೇಕು. ವರ್ಷಕ್ಕೆ 12,000, ಒಟ್ಟು ಸ್ಕಾಲರ್‌ಶಿಪ್‌ಗಳಲ್ಲಿ ಅರ್ಧದಷ್ಟು ಹುಡುಗಿಯರಿಗೇ ಮೀಸಲು. ಅರ್ಜಿ ಎಸ್‌ಎಸ್‌ಪಿಯಲ್ಲಲ್ಲ, ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ. ಪ್ರತಿ ವರ್ಷ ರಿನೀವಲ್ ಮಾಡಿಸಬೇಕು, ಮರೆತರೆ ಹೋಯಿತು. ಮಗನ ವಿಷಯಕ್ಕೆ ನಿಮ್ಮ ಡಿಸೆಂಬರ್ ಪೇ ಸ್ಲಿಪ್ ತೆಗೆದು ನೋಡಿ. ಕಾರ್ಮಿಕ ಕಲ್ಯಾಣ ನಿಧಿಗೆ ಸಣ್ಣದೊಂದು ಕಡಿತ ಇದ್ದರೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಕ್ಕೆ ಪ್ರಯತ್ನಿಸಬಹುದು. ಆ ಅರ್ಜಿಗೆ ಮಾಲೀಕರ ಸಹಿ ಬೇಕು, ಆಸ್ಪತ್ರೆಯ ಆಫೀಸಿನಲ್ಲಿ ಈಗಲೇ ಕೇಳಿಟ್ಟಿರಿ.

— ಸಂಪಾದಕ