ಕರ್ತವ್ಯ ಬಾಯಿಗೆ ಬರುತ್ತದೆ, ನಡತೆಗೆ ಬರುವುದಿಲ್ಲ

ಪ್ರಶ್ನೆ: ಪ್ರೌಢಶಾಲೆಯಲ್ಲಿ ಪೌರನೀತಿ ಕಲಿಸುತ್ತೇನೆ. ಮಕ್ಕಳು ಮೂಲಭೂತ ಕರ್ತವ್ಯಗಳನ್ನು ಗಡಗಡ ಒಪ್ಪಿಸುತ್ತಾರೆ, ಅಂಕವೂ ಬರುತ್ತದೆ. ಆದರೆ ಭಿನ್ನಾಭಿಪ್ರಾಯ ಬಂದರೆ ಜಗಳವೇ. ಮೌಲ್ಯ ಕಲಿಸುವುದು ಹೇಗೆ?
– ಶಿಕ್ಷಕಿ, ಅಂಕೋಲಾ ತಾಲೂಕು

ಉತ್ತರ: ಸಂವಿಧಾನದ 51ಎ ವಿಧಿಯ ಹನ್ನೊಂದು ಕರ್ತವ್ಯಗಳನ್ನೂ ಒಟ್ಟಿಗೆ ಮುಗಿಸಲು ಹೋಗಬೇಡಿ ಮೇಡಂ. ಪರಿಸರ ರಕ್ಷಣೆಯ ಕರ್ತವ್ಯವೊಂದನ್ನೇ ಹಿಡಿದು, ಮಕ್ಕಳ ಮನೆಯಲ್ಲೇ ಮಾತಾಗುವ ವಿಷಯ ಎತ್ತಿಕೊಳ್ಳಿ. ನಿಮ್ಮ ಕಡೆ ಅದು ಬೆಳಕು ಮೀನುಗಾರಿಕೆ, ಅಂದರೆ ಕಡಲಲ್ಲಿ ಪ್ರಖರ ದೀಪ ಹಾಕಿ ಮೀನನ್ನು ಸೆಳೆದು ಹಿಡಿಯುವುದು. ಕೇಂದ್ರ ಸರ್ಕಾರ 2017ರಲ್ಲೇ ಇದನ್ನು ನಿಷೇಧಿಸಿದೆ, ವಿವಾದ ಇನ್ನೂ ಆರಿಲ್ಲ.

ಇದಕ್ಕೆ ಎರಡು ಪೀರಿಯಡ್ ಬೇಕು. ಮೊದಲನೆಯದರಲ್ಲಿ ವಾದವೇ ಬೇಡ, ಮಾಹಿತಿ ಮಾತ್ರ: ದೀಪಕ್ಕೆ ಮರಿಮೀನೂ ಹೇಗೆ ಸೇರುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಯಾಕೆ ಕಡಲಿಗಿಳಿಯುವುದಿಲ್ಲ, ಬೋಟಿನ ಸಾಲ, ನಾಡದೋಣಿಯವರ ದೂರು. ಎರಡನೆಯದರಲ್ಲಿ ಐದಾರು ಮಕ್ಕಳ ಗುಂಪು ಮಾಡಿ, ಪರ–ವಿರೋಧವನ್ನು ಚೀಟಿ ಎತ್ತಿ ಹಂಚಿ. ಅವರವರ ಇಷ್ಟಕ್ಕೆ ಬಿಟ್ಟರೆ ಮಗು ಅಪ್ಪನ ಕಸುಬಿನ ಪರ ನಿಲ್ಲುತ್ತದೆ, ಚರ್ಚೆ ಮನೆತನದ ಜಗಳವಾಗುತ್ತದೆ. ಹತ್ತು ನಿಮಿಷದ ಮೇಲೆ ಪಕ್ಷ ಅದಲುಬದಲು. ನಿಯಮ ಒಂದೇ: ಎದುರಿನವರ ಮಾತನ್ನು ಮೊದಲು ತನ್ನ ಮಾತಿನಲ್ಲಿ ಹೇಳಬೇಕು, ಅವರು ‘ಹೌದು, ನಾನು ಹೇಳಿದ್ದು ಇದೇ’ ಎಂದ ಮೇಲೇ ಉತ್ತರ. ಸಹನೆ ರೂಢಿಯಾಗುವುದು ಇಲ್ಲೇ. ಹಾಗಾಗಿ ಗಡಿಬಿಡಿ ಬೇಡ, ಒಂದೇ ವಾದಕ್ಕೆ ಪೀರಿಯಡ್ ಮುಗಿದರೂ ಮುಗಿಯಲಿ.

ನಿಮ್ಮ ಅಭಿಪ್ರಾಯವನ್ನು ಕೊನೆಯವರೆಗೂ ಹೇಳಬೇಡಿ. ಟೀಚರ್ ಬಾಯಿಬಿಟ್ಟ ಕೂಡಲೇ ತರಗತಿಯೆಲ್ಲ ಅದನ್ನೇ ಹೇಳುತ್ತದೆ, ಅದು ವಿಧೇಯತೆಯಷ್ಟೇ.

1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದನ್ನೂ ಹೀಗೇ ಚರ್ಚೆಗಿಡಬಹುದು.

ಮುಂದಿನ ಹೆಜ್ಜೆ ಮಕ್ಕಳ ಗ್ರಾಮಸಭೆ, ಅಂದರೆ ಮಕ್ಕಳ ಅಹವಾಲು ಕೇಳಲು ಗ್ರಾಮ ಪಂಚಾಯಿತಿ ನಡೆಸುವ ಸಭೆ. ಅಹವಾಲನ್ನು ಶಿಕ್ಷಕರೇ ಬರೆದುಕೊಟ್ಟು, ಮಗು ಓದಿ ಕೂತರೆ ಏನೂ ಉಳಿಯುವುದಿಲ್ಲ. ಬೇಡಿಕೆ ಒಂದೇ ಇರಲಿ, ಮಕ್ಕಳೇ ಬರೆಯಲಿ: ಏನು ಕೊರತೆ, ಯಾವ ಜಾಗದಲ್ಲಿ, ಎಷ್ಟು ಜನಕ್ಕೆ ತೊಂದರೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಓ) ಕೊಟ್ಟು ಸ್ವೀಕೃತಿ ಪಡೆಯಲಿ. ತಿಂಗಳಾದ ಮೇಲೆ ಇಬ್ಬರು ಹೋಗಿ ವಿಚಾರಿಸಲಿ. ‘ಅನುದಾನವಿಲ್ಲ’ ಎಂಬ ಉತ್ತರ ಬಂದರೆ ಅದನ್ನೂ ತರಗತಿಯಲ್ಲಿ ಓದಿಸಿ, ಪಂಚಾಯಿತಿಯ ದುಡ್ಡು ಎಲ್ಲಿಂದ ಬರುತ್ತದೆಂಬ ಪಾಠ ಅಲ್ಲಿಂದ ಶುರುವಾಗಲಿ.

ಪ್ರಾಮಾಣಿಕತೆ, ದೇಶಪ್ರೇಮಕ್ಕೆ ಅಂಕ ಇಡಲೇಬೇಡಿ. ಮಕ್ಕಳು ನಟಿಸುವುದನ್ನು ಕಲಿಯುತ್ತಾರೆ. ಹತ್ತು ಅಂಕ ಕೊಡಲೇಬೇಕಿದ್ದರೆ ಐದು ಕಾರಣ ಕೊಟ್ಟು ಮಾತಾಡಿದ್ದಕ್ಕೆ, ಐದು ಎದುರು ಪಕ್ಷವನ್ನು ಸರಿಯಾಗಿ ಹೇಳಿದ್ದಕ್ಕೆ. ಯಾವ ಪಕ್ಷ ಹಿಡಿದರು ಎಂಬುದಕ್ಕೆ ಅಂಕವಿಲ್ಲವೆಂದು ಮೊದಲೇ ಹೇಳಿಬಿಡಿ.