ಮಿಡಿ ಕೀಬೋರ್ಡಲ್ಲಿ ನುಡಿಸಿದ್ದು ತಡವಾಗಿ ಕೇಳುತ್ತೆ, ಕ್ವಾಂಟೈಜ್ ಮಾಡಿದ್ರೆ ಹಾರ್ಮೋನಿಯಂ ಯಂತ್ರದ ಹಾಗಾಗುತ್ತೆ. ಏನು ಮಾಡಲಿ?

ಈ ಎರಡೂ ತೊಂದರೆ ನಾನೂ ಪಟ್ಟಿದ್ದೇನೆ. ಗಂಗಾವತಿಯಲ್ಲಿ ಭಜನಾ ಮೇಳಕ್ಕೆ ಹಾರ್ಮೋನಿಯಂ ನುಡಿಸುತ್ತೇನೆ. ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ತತ್ವಪದಗಳಿಗೆ ಟ್ರ್ಯಾಕ್ ಮಾಡುತ್ತೇನೆ. ಬಳಸುವುದು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ನಿಮ್ಮದು ಬೇರೆ ಸಾಫ್ಟ್‌ವೇರ್ ಆದರೂ ಕೆಲಸ ಹೆಚ್ಚುಕಮ್ಮಿ ಇದೇ.

ಮೊದಲು ತಡ ಸರಿಮಾಡಿ. ಅಲ್ಲಿಯವರೆಗೆ ರೆಕಾರ್ಡಿಂಗಿಗೆ ಕೂರಲೇಬೇಡಿ. ದನಿ ಹಿಂದೆ ಬಿದ್ದರೆ ಎಂಥಾ ಕೈಯೂ ಲಯ ತಪ್ಪುತ್ತದೆ. ಆಡಿಯೊ ಸೆಟ್ಟಿಂಗ್‌ನಲ್ಲಿ ಬಫರ್ ನೋಡಿ, ಅಂದರೆ ಕಂಪ್ಯೂಟರ್ ದನಿಯ ಎಷ್ಟು ತುಣುಕು (ಸ್ಯಾಂಪಲ್) ಕೂಡಿಟ್ಟು ಒಮ್ಮೆಗೆ ಕಳಿಸುತ್ತದೆ ಅನ್ನುವ ಅಂಕಿ. ಸೆಕೆಂಡಿಗೆ 44,100 ಸ್ಯಾಂಪಲ್ ರೇಟಿನಲ್ಲಿ 1024 ಬಫರ್ ಅಂದರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ ಸುಮಾರು 3. ಚಟಪಟ ಸದ್ದು ಬಂದರೆ 256 ಇಡಿ. ವಿಂಡೋಸ್ ಇದ್ದರೆ ತಡ ಕಡಿಮೆ ಮಾಡುವ ಏಸಿಯೊ (ASIO) ಡ್ರೈವರ್ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ವೈರಿನದೇ ಇರಲಿ.

ಮಿಡಿಯಲ್ಲಿ ದನಿ ರೆಕಾರ್ಡ್ ಆಗುವುದಿಲ್ಲ. ಯಾವ ಕೀ, ಯಾವಾಗ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ, ಇಷ್ಟೇ ದಾಖಲಾಗುತ್ತದೆ. ಹಾಗಾಗಿ ಫ್ಯಾನ್ ಆಫ್ ಮಾಡಬೇಕಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಇದು ಎಷ್ಟು ದೊಡ್ಡ ಸಮಾಧಾನ ಅಂತ ಇಲ್ಲಿದ್ದವರಿಗೇ ಗೊತ್ತು!

ಈಗ ಕ್ವಾಂಟೈಜ್. ಅದು ಪ್ರತಿ ಸ್ವರವನ್ನೂ ಪರದೆಯ ಮೇಲಿನ ಹತ್ತಿರದ ತಾಳದ ಗೀಟಿಗೆ ಎಳೆದು ಕೂರಿಸುತ್ತದೆ. ನಮ್ಮ ಕೇರವಾ ತಾಳದಲ್ಲಿ ಎಂಟು ಮಾತ್ರೆಗಳೂ ಅಳೆದಿಟ್ಟಂತೆ ಬರುವುದಿಲ್ಲ, ಒಂಚೂರು ವಾಲುತ್ತವೆ ಅಲ್ವಾ? ನೂರಕ್ಕೆ ನೂರು ಎಳೆದರೆ ಆ ವಾಲು ಸತ್ತುಹೋಗುತ್ತದೆ. ಸ್ಟ್ರೆಂತ್ 50ರಿಂದ 60 ಇಡಿ, ಅರ್ಧ ದಾರಿಯವರೆಗೆ ಮಾತ್ರ ಎಳೆಯುತ್ತದೆ. ಸ್ವರದ ಶುರುವನ್ನಷ್ಟೇ ಸರಿಸಿ, ಕೊನೆಯನ್ನು ಮುಟ್ಟಬೇಡಿ. ಆರು ಮಾತ್ರೆಯ ದಾದರಾ ತಾಳ ಆಗಿದ್ದರೆ ಮೊದಲೇ ಪ್ರಾಜೆಕ್ಟನ್ನು 6/8ಕ್ಕೆ ಬದಲಿಸಿ. ಆಲಾಪಕ್ಕೆ ಕ್ವಾಂಟೈಜ್ ಹಚ್ಚಲೇಬೇಡಿ, ಲಯ ತೋರಿಸುವ ಟಿಕ್ ಟಿಕ್ ಸದ್ದು (ಕ್ಲಿಕ್) ಕೂಡ ಆಫ್ ಮಾಡಿ ನುಡಿಸಿ. ಇನ್ನೊಂದು ನನ್ನ ರೂಢಿ ಇದೆ. ಒಂದು ಸಾಲಿನಲ್ಲಿ ನಾಲ್ಕೈದು ಸ್ವರಕ್ಕಿಂತ ಜಾಸ್ತಿ ತಿದ್ದಬೇಕಾದರೆ ಮೌಸ್ ಬಿಟ್ಟು ಆ ಸಾಲನ್ನೇ ಮತ್ತೆ ನುಡಿಸುತ್ತೇನೆ. ಹೊತ್ತೂ ಉಳಿಯುತ್ತದೆ, ಕೇಳಲಿಕ್ಕೂ ಚೆನ್ನಾಗಿರುತ್ತದೆ.

ಆದರೆ ಯಂತ್ರದ ಹಾಗೆ ಕೇಳುವುದಕ್ಕೆ ಕ್ವಾಂಟೈಜ್ ಒಂದೇ ಕಾರಣವಲ್ಲ. ಇದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಹಾರ್ಮೋನಿಯಂನಲ್ಲಿ ಕೀ ಎಷ್ಟು ಜೋರಾಗಿ ಒತ್ತಿದರೂ ದನಿ ಅಷ್ಟೇ. ಏರಿಳಿತ ಬರುವುದು ಎಡಗೈಯ ತಿದಿಯಿಂದ. ಮಿಡಿ ಕೀಬೋರ್ಡಿನಲ್ಲಿ ಒತ್ತಿದ ರಭಸ 1ರಿಂದ 127ರವರೆಗೆ ವೆಲಾಸಿಟಿಯಾಗಿ ದಾಖಲಾಗುತ್ತದೆ. ನಮ್ಮ ಬೆರಳಿಗೆ ಆ ಲೆಕ್ಕ ರೂಢಿಯಿಲ್ಲ. ಒಂದು ಸ್ವರ 40, ಪಕ್ಕದ್ದು 115 ಆಗಿರುತ್ತದೆ. ಹಾರ್ಮೋನಿಯಂ ಟ್ರ್ಯಾಕಿನ ವೆಲಾಸಿಟಿಗಳನ್ನೆಲ್ಲ ಸೆಲೆಕ್ಟ್ ಮಾಡಿ 80ರ ಆಸುಪಾಸಿಗೆ ತನ್ನಿ. ಆಮೇಲೆ ಕೀಬೋರ್ಡಿನ ಎಡಕ್ಕಿರುವ ಮಾಡ್ಯುಲೇಶನ್ ಚಕ್ರವನ್ನು ಕಂಟ್ರೋಲರ್ 11ಕ್ಕೆ, ಅಂದರೆ ದನಿಯ ಏರಿಳಿತ ನೋಡಿಕೊಳ್ಳುವ ಎಕ್ಸ್‌ಪ್ರೆಶನ್‌ಗೆ ಜೋಡಿಸಿ. ಅದೇ ನಿಮ್ಮ ತಿದಿ. ಬಲಗೈ ನುಡಿಸಲಿ, ಎಡಗೈ ಚಕ್ರ ತಿರುಗಿಸಲಿ. ಸಾಲು ಮುಗಿಯುವಲ್ಲಿ ಮೆಲ್ಲಗೆ ಇಳಿಸಿ. ಮೊದಲ ಸಲ ಹೀಗೆ ನುಡಿಸಿ ಕೇಳಿದಾಗ ಮೈ ಜುಮ್ಮೆಂದಿತ್ತು. ಒಂದೇ ಸಲಕ್ಕೆ ಎರಡೂ ಮಾಡಲಾಗದಿದ್ದರೆ ಚಕ್ರವನ್ನು ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡಿ, ಓವರ್‌ಡಬ್ ಇಟ್ಟರೆ ಹಳೆಯದು ಹಾಗೇ ಇರುತ್ತದೆ.

ಇನ್ನು ಪಟ್ಟಿ, ಅಂದರೆ ಹಾಡುವ ಶ್ರುತಿ. ನಮ್ಮ ಮೇಳದ ಹಿರಿಯರೊಬ್ಬರು ಕರಿ ಒಂದರಲ್ಲಿ (ಮೊದಲ ಕರಿ ಕೀಯೇ ಸಾ) ಹಾಡುತ್ತೇನೆ ಅಂದವರು, ಪೂರ್ತಿ ಟ್ರ್ಯಾಕ್ ಮುಗಿದ ಮೇಲೆ "ಕರಿ ಎರಡಕ್ಕ ಏರಿಸಪ್ಪ" ಅಂದರು. ಎಲ್ಲ ಸ್ವರ ಸೆಲೆಕ್ಟ್ ಮಾಡಿ ಎರಡು ಸೆಮಿಟೋನ್, ಅಂದರೆ ಬಿಳಿ ಕರಿ ಎರಡನ್ನೂ ಎಣಿಸಿ ಎರಡು ಕೀ, ಮೇಲೆ ಸರಿಸಿದೆ, ಮುಗಿಯಿತು. ತಬಲಾ ಟ್ರ್ಯಾಕನ್ನು ಮಾತ್ರ ಸೇರಿಸಬೇಡಿ. ಅಲ್ಲಿ ಒಂದೊಂದು ಕೀಗೂ ಒಂದೊಂದು ಬೋಲ್ ಇರುತ್ತದೆ, ಸರಿಸಿದರೆ ಬೋಲೇ ಬದಲಾಗುತ್ತದೆ. ಹಾಡಿದ ದನಿ ಆಡಿಯೊ, ಅದನ್ನು ಹೀಗೆ ಏರಿಸಿದರೆ ಕೆಡುತ್ತದೆ. ಮೈಕ್ ಮುಂದೆ ಅವರನ್ನು ನಿಲ್ಲಿಸುವ ಮೊದಲೇ ಪಟ್ಟಿ ಗಟ್ಟಿ ಮಾಡಿಕೊಳ್ಳಿ.